ಜೋಳದ ಮಾಲ್ಟು

ಹೋದ ತಿಂಗಳು ಕಣ್ಣು ತೋರಿಸಲು ಲಿಂಗಸುಗೂರಿಗೆ ಹೋಗಿದ್ದೆ. ಬಸ್ ಸ್ಟ್ಯಾಂಡಿನಿಂದ ದವಾಖಾನೆಗೆ ಹೋಗುವ ದಾರಿಯಲ್ಲಿ ಒಂದು ದಲಾಲಿ ಅಂಗಡಿ ಇದೆ. ಹೊತ್ತಲ್ಲದ ಹೊತ್ತಿನ ಮಳೆಗೆ ಅವರ ಜೋಳದ ಚೀಲಗಳು ನೆನೆದಿದ್ದವು. ಹಮಾಲರು ಅವನ್ನು ಹೊರಗೆ ಎಳೆದು, ಬಾಯಿ ಬಿಚ್ಚಿ, ಮೂಗಿಗೆ ಟವಲ್ ಕಟ್ಟಿಕೊಂಡು ನಿಂತಿದ್ದರು.

"ಕೊಳತು ನಾರಾಕತ್ತೈತಿ, ಆ ಕಡಿಗೆ ಹೋಗಬೇ," ಎಂದ ಒಬ್ಬ.

ಕೊಳೆತಿರಲಿಲ್ಲ. ಎಳೆ ಸೌತೆಕಾಯಿ ಮುರಿದಾಗ ಬರುವ ವಾಸನೆ ಅದು. ಮೊಳಕೆ ಒಡೆದ ಮೂರನೇ ದಿನ ಜೋಳ ಹಾಗೆ ವಾಸನೆ ಬರುತ್ತದೆ. ನಾಲ್ಕನೇ ದಿನ ಕಮಟು ಹತ್ತುತ್ತದೆ, ಐದಕ್ಕೆ ಬೂಸುರು. ನಾನು ಚೀಲದೊಳಗೆ ಮೊಣಕೈ ತನಕ ಕೈ ಹಾಕಿದೆ. ಒಳಗೆ ಜ್ವರ ಬಂದ ಮೈಯಂತೆ ಬೆಚ್ಚಗಿತ್ತು.

"ಇವತ್ತ ಬಿಸಿಲಿಗಿ ಹರವ್ರಿ. ನಾಳಿಗಿ ಕೈ ಬಿಡ್ತೈತಿ," ಎಂದೆ.

"ನಿನಗೇನ್ ಗೊತ್ತು?"

ಗೊತ್ತು. ಮೂರು ವರ್ಷದ ಹಿಂದೆ ಒಂದು ಚಳಿಗಾಲ ಪೂರ್ತಿ ಅದೇ ಕೆಲಸ ಮಾಡಿದ್ದೇನೆ. ಮಾಡಿದವಳು ನಾನೊಬ್ಬಳೇ ಅಲ್ಲ. ಖಾಜಾಬಿಯೂ ಇದ್ದಳು. ನಿಜ ಹೇಳಬೇಕೆಂದರೆ ಕೆಲಸ ಆಕೆಯದು, ಜೊತೆಗಿದ್ದವಳು ನಾನು.

ನಮ್ಮದು ಮಸ್ಕಿ. ನಾನು, ಖಾಜಾಬಿ ಅಕ್ಕಪಕ್ಕದ ಮನೆಯವರು. ನಡುವೆ ಒಂದೇ ಗೋಡೆ. ಇಬ್ಬರೂ ಗಂಡನನ್ನು ಕಳೆದುಕೊಂಡವರು. ಇಪ್ಪತ್ತು ವರ್ಷದಿಂದ ಒಂದೇ ಒಲೆಯ ಮುಂದೆ ಕೂತು ಜೋಳದ ರೊಟ್ಟಿ ಬಡಿದು ಮಾರುತ್ತೇವೆ. ಆಕೆ ಬಡಿಯುತ್ತಾಳೆ, ನಾನು ಬೇಯಿಸುತ್ತೇನೆ. ಅದಕ್ಕೂ ಮೊದಲು ನಾನು ಸೇಂದಿ ಮಾರುತ್ತಿದ್ದೆ. ಬಳಗಾನೂರಿನಲ್ಲಿ ನಮ್ಮವ್ವನ ಸೇಂದಿ ಅಂಗಡಿ ಇತ್ತು. ಅವ್ವನ ಹಿಂದೆ ನಾನು ಕೂತೆ. ಮುಂಜಾನೆ ಇಳಿಸಿದ್ದು ಸಿಹಿ, ಮಧ್ಯಾಹ್ನಕ್ಕೆ ಹುಳಿ, ಸಂಜೆಗೆ ಖಡಕ್. ಸರಕಾರ ಸೇಂದಿ ಬಂದ್ ಮಾಡಿತು. ಆಮೇಲೂ ಎರಡು ವರ್ಷ ಕದ್ದು ಮಾರಿದೆ, ಎರಡು ಸಲ ಪೊಲೀಸರು ಎಳೆದುಕೊಂಡು ಹೋದರು. ಅದು ಹೋಯಿತು. ಮೂಗು ಮಾತ್ರ ಉಳಿಯಿತು.

ಆ ವರ್ಷ ದೀಪಾವಳಿ ಮುಗಿದ ವಾರ ವೀರೇಶ ಎಂಬುವವನು ನಮ್ಮ ಒಲೆಯ ಮುಂದೆ ಬಂದು ನಿಂತ. ಲಿಂಗಸುಗೂರಿನ ಕಿರಾಣಿ ವ್ಯಾಪಾರಸ್ಥರ ಮಗ, ಹಣೆಗೆ ಮೂರು ಬೆರಳು ವಿಭೂತಿ, ಕೊರಳಲ್ಲಿ ಲಿಂಗ, ಕೈಯಲ್ಲಿ ದೊಡ್ಡ ಫೋನು. ಓದಿದವನು. ಯಾವುದೋ ಕಂಪನಿಗೆ ಕೆಲಸ ಮಾಡುತ್ತಿದ್ದ.

"ಆಯಿ, ಪರದೇಶದವರು ಮೂರು ಮಂದಿ ಬರಾಕತ್ಯಾರ. ಜೋಳದ ಮಾಲ್ಟ್ ಮಾಡೋರು. ನಮ್ಮ ಸಂತೆಕಲ್ಲೂರು ಕಡೆ ಬಿಳಿಜೋಳ ಆಗತೈತೋ ಇಲ್ಲೋ ನೋಡಾಕ. ಅಡಿಗಿಗೊಬ್ರು ಬೇಕು, ಜೋಳ ಮೊಳಕಿ ಕಟ್ಟಾಕೊಬ್ರು ಬೇಕು."

ಖಾಜಾಬಿ ರೊಟ್ಟಿ ಬಡಿಯುವ ಕೈ ನಿಲ್ಲಿಸಿದಳು. "ಮಾಲ್ಟ್ ಅಂದ್ರ ರಾಗಿ ಮಾಲ್ಟ್ ಇದ್ದಂಗೇನ್ರಿ? ಸಾಲ್ಯಾಗ ಹುಡುಗರಿಗಿ ಕೊಡ್ತಾರಲ್ಲ?"

ವೀರೇಶ ಫೋನು ನೋಡಿದ. "ಹಂಗ ಅನ್ರಿ," ಎಂದ.

ಈ ಮೂರು ವರ್ಷದಲ್ಲಿ ನಾನು ಆ ಮಾತನ್ನು ಬಹಳ ಸಲ ತಿರುವಿ ಹಾಕಿ ನೋಡಿದ್ದೇನೆ. ಹೌದು ಅಂತಲೂ ಅವನು ಹೇಳಲಿಲ್ಲ, ಅಲ್ಲ ಅಂತಲೂ ಹೇಳಲಿಲ್ಲ. ನಮ್ಮಲ್ಲಿ ಮಾಲ್ಟು ಎಂದರೆ ಕೂಸುಗಳ ಬಾಯಿಗೆ ಹೋಗುವಂಥದ್ದು. ಹಲ್ಲಿಲ್ಲದ ಕೂಸಿಗೆ, ಜ್ವರ ಬಿಟ್ಟವರಿಗೆ, ಬಾಣಂತಿಗೆ, ಸಾಲಿ ಹುಡುಗರಿಗೆ. ಬೇರೆ ಅರ್ಥ ಆ ಮಾತಿಗೆ ಇರಬಹುದು ಎಂದು ಖಾಜಾಬಿಗೆ ಯಾಕೆ ಹೊಳೆಯಬೇಕು? ಮನೆಯಲ್ಲಿ ಅವಳ ಮೊಮ್ಮಗಳೇ ಸಾಲಿಯಿಂದ ತುಟಿಯ ಮೇಲೆ ರಾಗಿ ಮಾಲ್ಟಿನ ಮೀಸೆ ಬರೆದುಕೊಂಡು ಬರುತ್ತಿದ್ದಳು.

ಅಡಿಗೆಗೆ ನಾನು, ಮೊಳಕೆಗೆ ಖಾಜಾಬಿ ಎಂದು ಒಪ್ಪಿಕೊಂಡೆವು. ಲಿಂಗಸುಗೂರು ರಸ್ತೆಯಲ್ಲಿ ಒಂದು ಹಳೆಯ ಹತ್ತಿ ಗೋದಾಮು ಹಿಡಿದಿದ್ದರು. ಕೆಳಗೆ ಜೋಳದ ಕೆಲಸ, ಮೇಲೆ ಮಾಳಿಗೆಯಲ್ಲಿ ಅವರ ಬಿಡಾರ. ಬಂದವರು ಹೀಗೆ. ಕಾರ್ಲ್, ಜರ್ಮನಿಯವನು, ನನ್ನ ವಾರಿಗೆಯ ಮುದುಕ, ಕೆಂಪು ಮೂಗು, ಮಾತು ಕಡಿಮೆ. ಕೆಂಜಿ, ಜಪಾನಿನ ಹುಡುಗ, ಮೂವತ್ತು ದಾಟಿರಲಿಕ್ಕಿಲ್ಲ, ಯಾರನ್ನು ಕಂಡರೂ ಬಗ್ಗುವವನು. ಅಮಿನಾತಾ, ಆಫ್ರಿಕಾದ ಬುರ್ಕಿನಾ ಎಂಬ ದೇಶದವಳು, ನಲವತ್ತರ ಹೆಂಗಸು, ತಲೆಗೆ ಬಣ್ಣದ ಬಟ್ಟೆ ಸುತ್ತುವವಳು. ಜೋಳದ ಶಾಸ್ತ್ರ ಓದಿದವಳು ಅವಳು. ಮೊದಲ ದಿನ ಖಾಜಾಬಿ ಗೋದಾಮಿನ ಬಾಗಿಲಲ್ಲಿ ತಲೆಯ ಸೆರಗು ಸರಿ ಮಾಡಿಕೊಂಡಿದ್ದನ್ನು ನೋಡಿ ಅವಳು ಸಲಾಂ ಹೇಳಿದಳು. ಖಾಜಾಬಿ ತಿರುಗಿ ಸಲಾಂ ಹೇಳಿ ನನ್ನ ಕಡೆ ನೋಡಿದಳು.

"ನೋಡಿದ್ಯಾ ಹುಲಿಗೆಕ್ಕಾ, ಎಲ್ಲಿ ದೇಶದಾಕಿ, ನಮ್ಮಾಕಿ!"

ಅಂದಿನಿಂದ ಆಕೆ ಅಮೀನಾ ಆದಳು. ಒಬ್ಬರ ಮಾತು ಒಬ್ಬರಿಗೆ ಬಾರದು. ಆದರೂ ನೆನೆಹಾಕಿದ ಜೋಳದ ಮುಂದೆ ಕುಕ್ಕರುಗಾಲಲ್ಲಿ ಕೂತು ಇಬ್ಬರೂ ಮಾತಾಡುತ್ತಿದ್ದರು, ಒಬ್ಬಳು ದಖನಿಯಲ್ಲಿ, ಒಬ್ಬಳು ಫ್ರೆಂಚಿನಲ್ಲಿ.

ನನಗೆ ಗೊತ್ತಾದದ್ದು ಮೂರನೇ ದಿನ. ಊಟದ ತಟ್ಟೆ ಹಿಡಿದು ಮಾಳಿಗೆಗೆ ಹೋದೆ. ಮೂಲೆಯಲ್ಲಿ ಹತ್ತು ಹನ್ನೆರಡು ರಟ್ಟಿನ ಡಬ್ಬಿಗಳಿದ್ದವು, ಒಂದರ ಬಾಯಿ ತೆರೆದಿತ್ತು. ಒಳಗೆ ಹುಲ್ಲಿನಲ್ಲಿ ಕೋಳಿಮೊಟ್ಟೆ ಇಟ್ಟಂತೆ ಬಾಟ್ಲಿಗಳು. ಒಂದು ಒಡೆದಿತ್ತು. ವಾಸನೆ ಮೂಗಿಗೆ ಬಡಿಯಿತು.

ವೀರೇಶನನ್ನು ಮೆಟ್ಟಿಲ ಮೇಲೆ ಹಿಡಿದೆ. "ಇದು ಬೀರಿನ ಕೆಲಸೇನಪ್ಪಾ?"

ಅವನು ಕೆಳಗೆ ನೋಡಿದ. ಕೆಳಗೆ ಖಾಜಾಬಿ ಬುಟ್ಟಿ ತೊಳೆಯುತ್ತಿದ್ದಳು.

"ಆಯಿ, ಮ್ಯಾಲಿನ ಸುದ್ದಿ ಕೆಳಗ ಬ್ಯಾಡ."

"ನೀ ಲಿಂಗ ಕಟ್ಟಿದಾವ. ನಿನಗಿದು ನಡೀತೈತೇನು?"

"ನಾ ಕುಡಿಯಂಗಿಲ್ಲಲ್ಲ. ನಾ ಬರೇ ಮಾತು ಆ ಕಡಿಂದ ಈ ಕಡಿಗಿ ಹಾಕಾವ."

ನಾನೂ ಸುಮ್ಮನಾದೆ. ಯಾರೂ ನನ್ನ ಬಾಯಿ ಹಿಡಿದಿರಲಿಲ್ಲ. ಖಾಜಾಬಿಗೆ ಮೊಣಕಾಲು ನೋವು, ಮೆಟ್ಟಿಲು ಹತ್ತುತ್ತಿರಲಿಲ್ಲ. ಆಕೆಗೆ ತಾನಾಗಿ ತಿಳಿಯುವ ದಾರಿ ಇರಲಿಲ್ಲ. ಹೇಳಿದರೆ ಆಕೆ ಅದೇ ಗಳಿಗೆ ಕೈ ತೊಳೆದು ಹೋಗುತ್ತಿದ್ದಳು. ಆಕೆ ಹೋದರೆ ಕೆಲಸ ನಿಲ್ಲುತ್ತಿತ್ತು, ನನ್ನ ಕೂಲಿಯೂ.

ಯಾಕೆಂದರೆ ಆಕೆಯ ಕೈಯಂಥ ಕೈ ಮತ್ತೊಂದಿರಲಿಲ್ಲ. ಜೋಳವನ್ನು ಒಂದು ಹಗಲು ಒಂದು ರಾತ್ರಿ ನೆನೆಸಿ, ನೀರು ಬಸಿದು, ನೆಲಕ್ಕೆ ಹರವಿ ಹಸಿ ಗೋಣಿ ಹೊದಿಸಬೇಕು. ದಿನಕ್ಕೆ ಮೂರು ಸಲ ಮಗುಚಬೇಕು. ಮಾರ್ಗಶಿರದ ಚಳಿಗೆ ಕಾಳು ಏಳುತ್ತಿರಲಿಲ್ಲ. ಕೆಂಜಿ ಕರೆಂಟಿನ ಹೀಟರು ತರಿಸಿದ. ಮಸ್ಕಿಯ ಕರೆಂಟು ಗೊತ್ತಲ್ಲ. ಖಾಜಾಬಿ ಬಳಗಾನೂರಿನಿಂದ ಒಂದು ಗಾಡಿ ಭತ್ತದ ಹುಲ್ಲು ತರಿಸಿ ಕೆಳಗೆ ಹಾಸಿದಳು, ಮೇಲೆ ಗೋಣಿ, ಅದರ ಮೇಲೆ ಕಾಳು. ಮಡಿಕೆಕಾಳಿಗೆ ಮೊಳಕೆ ಕಟ್ಟುವವರು ಎಲ್ಲರೂ ಮಾಡುವುದೇ ಅದು. ಮರುದಿನ ಮೊಳಕೆ ಬಾಯಿ ಬಿಟ್ಟಿತು. ಕಾರ್ಲ್ ಗಾಜಿನ ಕಡ್ಡಿ ಚುಚ್ಚಿ ಬಿಸಿ ನೋಡುತ್ತಿದ್ದ. ಆಕೆ ಮುಂಗೈಯ ಹಿಂಬದಿ ಇಟ್ಟು ನೋಡುತ್ತಿದ್ದಳು. "ಇನ್ನೊಂದು ತಾಸಿಗಿ ತಿರುವಬೇಕು," ಎನ್ನುತ್ತಿದ್ದಳು. ಅವನ ಕಡ್ಡಿಯೂ ಅದನ್ನೇ ಹೇಳುತ್ತಿತ್ತಂತೆ. ಅವನು ಟೊಪ್ಪಿಗೆ ತೆಗೆದ.

ಇನ್ನೊಂದು ಹೇಳಬೇಕು. ಎಳೆ ಜೋಳ ತಿಂದ ದನ ಹೊಟ್ಟೆ ಉಬ್ಬಿ ಸಾಯುತ್ತದೆ ಎಂಬುದು ನಮ್ಮ ಕಡೆ ಎಲ್ಲರಿಗೂ ಗೊತ್ತು. ವಿಷ ಇರುವುದು ಎಳೆ ಕುಡಿಯಲ್ಲಿ, ಬೇರಿನಲ್ಲಿ. ಒಣಗಿದ ಮೇಲೆ ಕಾಳನ್ನು ಉಜ್ಜಿ ಅದನ್ನೆಲ್ಲ ಕಳಚಬೇಕು. ನಾನು ಎರಡು ಸಲ ಉಜ್ಜಿ ಕೇರಿದೆ. ಖಾಜಾಬಿ ನನ್ನ ಮೊರ ಕಸಿದುಕೊಂಡಳು.

"ಸಣ್ಣ ಕೂಸುಗಳು ಕುಡಿಯೂದು ಹುಲಿಗೆಕ್ಕಾ. ಒಂದು ಬೇರು ಉಳಿದ್ರೂ ಅಲ್ಲಾನ ಮುಂದ ನಾ ಏನು ಹೇಳ್ಲಿ?"

ಐದು ಸಲ ಉಜ್ಜುತ್ತಿದ್ದಳು. ಪ್ರತಿ ಸಲ ಜೋಳಕ್ಕೆ ಮೊದಲ ನೀರು ಹಾಕುವಾಗ ಬಿಸ್ಮಿಲ್ಲಾ ಎನ್ನುತ್ತಿದ್ದಳು. ನಾನು ಪಕ್ಕದಲ್ಲೇ ಕೊಡ ಹಿಡಿದು ನಿಂತಿರುತ್ತಿದ್ದೆ.

"ಮ್ಯಾಲ ಏನು ಮಾಡ್ತಾರ ಅವರು?" ಎಂದು ಒಂದು ದಿನ ಕೇಳಿದಳು.

"ಏನೋ ಬರಕೊಂತ ಕೂಡ್ತಾರ," ಎಂದೆ.

ಸುಳ್ಳಲ್ಲ. ಬರೆಯುತ್ತಿದ್ದರು. ಪ್ರತಿ ಶನಿವಾರ ಬಿಸಿಲು ಇಳಿಯುವ ಹೊತ್ತಿಗೆ ಮಾಳಿಗೆಯ ಮೇಲೆ ಮೇಜು ಹಾಕಿ ಬಾಟ್ಲಿ ತೆಗೆಯುತ್ತಿದ್ದರು. ಖಾಜಾಬಿ ಅಷ್ಟರಲ್ಲಿ ಮನೆಗೆ ಹೋಗಿರುತ್ತಿದ್ದಳು. ನಾನು ಶೇಂಗಾ ಹುರಿದು ಕೊಡುತ್ತಿದ್ದೆ. ಎರಡನೇ ಶನಿವಾರ ಒಂದು ಬಾಟ್ಲಿ ತೆಗೆದಾಗ ನಾನು ಬಾಗಿಲಲ್ಲೇ ನಿಂತು, "ಇದು ಕೆಟ್ಟೈತಿ," ಎಂದೆ. ಬಾಯಿ ತಪ್ಪಿ ಬಂದ ಮಾತು. ವೀರೇಶ ಅದನ್ನು ಅವರ ಕಡೆ ಹಾಕಿದ. ಕಾರ್ಲ್ ಮೂಸಿದ, ಕುಡಿದ, ಉಗುಳಿದ. ಆ ಡಬ್ಬಿ ಬಿಸಿಲಲ್ಲಿ ಬಂದಿತ್ತಂತೆ, ಕೆಟ್ಟಿತ್ತು. ಅವತ್ತಿನಿಂದ ನನಗೂ ಒಂದು ಕುರ್ಚಿ ಹಾಕಿದರು.

ಸೇಂದಿ ಮಾರುವ ಹೊತ್ತಿಗೆ ಯಾರೂ ನನ್ನನ್ನು ಕುರ್ಚಿಯಲ್ಲಿ ಕೂರಿಸಿರಲಿಲ್ಲ. ಇದನ್ನೂ ಹೇಳಿಬಿಡುತ್ತೇನೆ, ಯಾಕೆಂದರೆ ನಾನು ಬಾಯಿ ಮುಚ್ಚಿಕೊಂಡಿದ್ದಕ್ಕೆ ಇದೂ ಕಾರಣ.

ಅಲ್ಲಿ ನಾನು ದೇಶದೇಶದ ಬೀರು ಕುಡಿದೆ. ಕುಡಿಯುವ ರೀತಿಯನ್ನೂ ನೋಡಿದೆ.

ಕಾರ್ಲನ ದೇಶದ್ದು ಬಾರ್ಲಿಯದು. ಹಾಗಲಕಾಯಿಯ ಕಹಿ, ಅದರ ಹಿಂದೆ ಹಸಿ ಹುಲ್ಲಿನ ವಾಸನೆ, ಆಮೇಲೆ ಸುಟ್ಟ ರೊಟ್ಟಿಯ ಅಂಚು ಕಡಿದ ರುಚಿ. ಅವನು ಅದನ್ನು ಐಸಿನಲ್ಲಿ ಇಡಲು ಬಿಡುತ್ತಿರಲಿಲ್ಲ. ಐಸು ಹಾಕಿದರೆ ನಾಲಗೆ ಸಾಯುತ್ತದೆ, ಆಮೇಲೆ ಏನು ಕುಡಿದರೂ ಒಂದೇ ಎಂದು ಬೈಯುತ್ತಿದ್ದ. ಲೋಟ ಲೋಟಕ್ಕೆ ತಾಗಿಸುವಾಗ ಎದುರಿನವರ ಕಣ್ಣು ನೋಡಬೇಕು, ನೋಡದಿದ್ದರೆ ಅವರಲ್ಲಿ ಅಪಶಕುನ. ನನ್ನ ಕಣ್ಣಲ್ಲಿ ಪೊರೆ. ಯಾವ ಕಡೆ ನೋಡುತ್ತಿದ್ದೇನೆ ಎಂದು ಅವನಿಗೆ ತಿಳಿಯದೆ ಲೋಟ ಹಿಡಿದುಕೊಂಡೇ ಇರುತ್ತಿದ್ದ. ಅವರ ದೇಶದಲ್ಲಿ ಒಂದು ಲೋಟ ಹಿಡಿದು ಎರಡು ತಾಸು ಮಾತಾಡುತ್ತಾರಂತೆ. ಊಟದ ಜೊತೆಗೂ ಕುಡಿಯುತ್ತಾರೆ, ಹಾಡುತ್ತಲೂ ಕುಡಿಯುತ್ತಾರೆ, ಯಾರೂ ಬಚ್ಚಿಡುವುದಿಲ್ಲ.

ಕೆಂಜಿಯ ದೇಶದ್ದರಲ್ಲಿ ಅಕ್ಕಿಯನ್ನೂ ಕೂಡಿಸುತ್ತಾರೆ. ನೀರಿನಷ್ಟು ತಿಳಿ. ಬಾಯಿಗೆ ಬಂದದ್ದೂ ಗೊತ್ತಾಗುವುದಿಲ್ಲ, ಹೋದದ್ದೂ ಗೊತ್ತಾಗುವುದಿಲ್ಲ. ಬಾಯಿ ಮುಕ್ಕಳಿಸಿ ಉಗುಳಿದಷ್ಟು ಹಗುರ. ನನಗೆ ಸೇರಲಿಲ್ಲ. ಅವರ ಪದ್ಧತಿ ಮಾತ್ರ ಬೇರೆ: ತನ್ನ ಲೋಟಕ್ಕೆ ತಾನು ಹಾಕಿಕೊಳ್ಳಬಾರದು, ಪಕ್ಕದವರು ಹಾಕಬೇಕು. ನನಗದು ಗೊತ್ತಿರಲಿಲ್ಲ. ಮೊದಲ ದಿನ ಅವನು ನನ್ನ ಲೋಟ ತುಂಬಿಸುತ್ತಲೇ ಇದ್ದ, ನಾನು ಕುಡಿಯುತ್ತಲೇ ಇದ್ದೆ, ಅವನದು ಒಣಗಿ ಹಾಗೇ ಇತ್ತು.

"ಆಯಿ, ಆ ಹುಡುಗ ಆಗಿಂದ ಬಾಯಾರಿ ಕುಂತಾನ. ನೀ ಹಾಕಿದ್ರ ಕುಡೀತಾನಂತ," ಎಂದು ವೀರೇಶ ಹೇಳಿದ ಮೇಲೆ ಹಾಕಿದೆ. ಅವನು ಎದ್ದು ನಿಂತು ಬಗ್ಗಿದ.

ಅಮಿನಾತಾ ಕುಡಿಯುತ್ತಿರಲಿಲ್ಲ. ಮೂಸುತ್ತಿದ್ದಳು, ಬೆರಳ ನಡುವೆ ಉಜ್ಜುತ್ತಿದ್ದಳು, ಬರೆಯುತ್ತಿದ್ದಳು. ಅವಳ ದೇಶದ ಬೀರು ಬಾಟ್ಲಿಯಲ್ಲಿ ಬರುವುದೂ ಇಲ್ಲ, ಎರಡು ದಿನಕ್ಕಿಂತ ಹೆಚ್ಚು ಬದುಕುವುದೂ ಇಲ್ಲ. ದೋಲೋ ಎನ್ನುತ್ತಾರೆ. ಕೆಂಪು ಜೋಳದ್ದು. ಮೊಳಕೆ ಕಟ್ಟಿ, ಒಣಗಿಸಿ, ಬೀಸಿ, ಒಂದು ದಿನ ಪೂರ್ತಿ ಕುದಿಸಿ, ಹುಳಿ ಬರಿಸಿ, ಸೋರೆಬುರುಡೆಯಲ್ಲಿ ಬೆಚ್ಚಗೆ ಕೊಡುತ್ತಾರೆ. ಮಾಡುವವರು ಹೆಂಗಸರೇ. ಗಂಡಸರು ಆ ಗಡಿಗೆ ಮುಟ್ಟುವಂತಿಲ್ಲ. ಅವಳ ಒಬ್ಬ ಅಜ್ಜಿ ನಮಾಜು ಮಾಡುವವಳು. ಇನ್ನೊಬ್ಬ ಅಜ್ಜಿ ಬೇರೆ ಕುಲದವಳು, ದೋಲೋ ಮಾಡಿ ಮಾರುವವಳು.

"ಮಾಡೋ ಹೆಂಗಸರನ್ನ ಪೊಲೀಸರು ಹಿಡಿಯಂಗಿಲ್ಲೇನು?" ಎಂದು ಕೇಳಿದೆ.

ವೀರೇಶ ಕೇಳಿ ಹೇಳಿದ. "ಪೊಲೀಸರೂ ಬಂದು ಕುಂತು ಕುಡೀತಾರಂತ. ಆಕಿಗಿ ಅವ್ವಾ ಅಂತ ಕರೀತಾರಂತ."

ನಾನು ಶೇಂಗಾದ ತಟ್ಟೆಯನ್ನು ಅವಳ ಕಡೆ ಸರಿಸಿದೆ.

ಮುಂದಿನ ಶನಿವಾರ ಒಂದು ಕೆಲಸ ಮಾಡಿದೆ. ಜೋಳದ ಅಂಬಲಿ ಕಾಸಿ, ಅದಕ್ಕೆ ಖಾಜಾಬಿ ಮಾಡಿದ ಮಾಲ್ಟಿನ ಹಿಟ್ಟು ಒಂದು ಹಿಡಿ ಕಲಸಿ, ಮೂರು ದಿನ ಮುಚ್ಚಿಟ್ಟು ಒಯ್ದೆ. ಅಮಿನಾತಾ ಗಡಿಗೆಯ ಬಾಯಿಗೆ ಮುಖ ಇಟ್ಟು ಮೂಸಿ ಬಹಳ ಹೊತ್ತು ಹಾಗೇ ಇದ್ದಳು. ಕಾರ್ಲ್ ಕುಡಿದ. ಅವನಿಗೆ ಬೇಕಾದ ಮಾತು ಸಿಗಲಿಲ್ಲ. ಹುಳಿಯೂ ಅಲ್ಲ, ಕಹಿಯೂ ಅಲ್ಲ, ನಾಲಗೆಯ ಅಂಚು ಹಿಡಿಯುವಂಥದ್ದು, ಇದಕ್ಕೆ ಏನೆನ್ನುತ್ತೀರಿ ಎಂದು ಕೇಳಿಸಿದ.

"ಒಗರು," ಎಂದೆ.

ಅವನ ಹಾಳೆಯಲ್ಲಿ ನನ್ನ ಕೈಯಿಂದಲೇ ಬರೆಸಿದ. ರಾತ್ರಿ ಸಾಲಿಯಲ್ಲಿ ಕಲಿತ ಅಕ್ಷರ, ಮೂರು ಅಕ್ಷರಕ್ಕೆ ಒಂದು ಸಾಲು ಹಿಡಿಯಿತು. ಆಮೇಲೆ ಮೂವರೂ ಏನು ಕುಡಿದರೂ ಒಗರು, ಒಗರು ಎನ್ನುತ್ತಿದ್ದರು.

ನಮ್ಮವರ ಕುಡಿತವನ್ನೂ ಅವರು ನೋಡಬೇಕೆಂದರು. ವೀರೇಶ ಒಂದು ದಿನ ಸಿಂಧನೂರಿಗೆ ಕರೆದುಕೊಂಡು ಹೋದ, ನಾನೂ ಜೀಪಿನಲ್ಲಿದ್ದೆ. ವೈನ್ ಶಾಪಿನ ಮುಂದೆ ಭತ್ತದ ಸೀಮೆಯ ಗಂಡಸರು ನಿಂತಲ್ಲೇ ಸ್ಟ್ರಾಂಗ್ ಬೀರಿನ ಬಾಟ್ಲಿ ಎತ್ತಿ, ಮುಖ ಹಿಂಡಿ, ಔಷಧ ಕುಡಿದಂತೆ ಒಂದೇ ದಮ್ಮಿಗೆ ಇಳಿಸಿ, ಉಪ್ಪಿನಕಾಯಿ ನೆಕ್ಕಿ ಹೋಗುತ್ತಿದ್ದರು. ಕಾರ್ಲ್ ವೀರೇಶನಿಗೆ ಏನೋ ಕೇಳಿದ.

"ಇವರಿಗಿ ರುಚಿ ಬ್ಯಾಡೇನು ಅಂತ ಕೇಳಾಕತ್ಯಾನ," ಎಂದ ವೀರೇಶ.

"ರುಚಿಗಿ ಮನ್ಯಾಗ ಪಲ್ಯ ಐತಿ ಅನ್ನು," ಎಂದೆ.

ನಮ್ಮಲ್ಲಿ ಕುಡಿಯುವುದು ಏರಬೇಕು ಎಂದು. ಬೇಗ ಏರಬೇಕು, ಯಾರೂ ನೋಡಬಾರದು. ಲಿಂಗಸುಗೂರು ಕಡೆಯ ಒಣ ಸೀಮೆಯವರು ಬೀರು ಮುಟ್ಟುವುದೇ ಇಲ್ಲ. ಅಷ್ಟು ನೀರು ಹೊಟ್ಟೆಗೆ ಯಾಕೆ ಎಂದು ಕ್ವಾರ್ಟರ್ ವಿಸ್ಕಿಗೆ ಹೋಗುತ್ತಾರೆ. ಮಸ್ಕಿಯವರು ಅದನ್ನೇ ತಂಪು ಪಾನೀಯದ ಬಾಟ್ಲಿಯಲ್ಲಿ ಕೂಡಿಸಿಕೊಂಡು ಗುಡ್ಡದ ಹಿಂದೆ ಹೋಗುತ್ತಾರೆ. ಈ ಪರದೇಶದವರಿಗೆಲ್ಲ ಕುಡಿತ ಕೂತು ಮಾಡುವ ಕೆಲಸ, ನಮಗೆ ಓಡಿ ಮಾಡುವ ಕೆಲಸ. ನಮ್ಮವ್ವನ ಸೇಂದಿ ಅಂಗಡಿಯಲ್ಲಿ ಮಾತ್ರ ಜನ ಕೂತು ಕುಡಿಯುತ್ತಿದ್ದರು.

ಎಳ್ಳಮಾವಾಸ್ಯೆ ಬಂತು. ಸಂತೆಕಲ್ಲೂರಿನ ಒಬ್ಬ ರೈತರು, ಇವರಿಗೆ ಜೋಳ ಕೊಟ್ಟವರು, ಹೊಲಕ್ಕೆ ಕರೆದರು. ಜೋಳ ಎದೆಮಟ್ಟ ನಿಂತು ಹಾಲುಗಾಳು ಹಿಡಿದಿತ್ತು. ಸಜ್ಜೆ ರೊಟ್ಟಿ, ಭಜ್ಜಿ, ಅಂಬಲಿ. ರೈತರು ಭೂಮಿತಾಯಿಗೆಂದು ಹೊಲದ ಸುತ್ತ ಎಡೆಯ ಚರಗ ಚೆಲ್ಲಿದರು. ಅಮಿನಾತಾ ಖಾಜಾಬಿಯ ಪಕ್ಕ ನಿಂತಿದ್ದವಳು ವೀರೇಶನಿಗೆ ಬಹಳ ಮಾತು ಹೇಳಿದಳು, ಕೈಯಿಂದ ನೆಲಕ್ಕೆ ಸುರಿದಂತೆ ತೋರಿಸುತ್ತಾ.

"ಏನಂತಾಳ ಅಮೀನಾ?" ಎಂದಳು ಖಾಜಾಬಿ.

"ಚಲೋ ಐತಿ ಅಂತಾಳ್ರಿ."

"ಅಷ್ಟುದ್ದ ಮಾತಿಗಿ ಇಷ್ಟೇ ಏನ್ರಿ?"

ಜೀಪಿನಲ್ಲಿ ಬರುವಾಗ ವೀರೇಶ ನನ್ನ ಕಿವಿಯಲ್ಲಿ ಹೇಳಿದ. ಅವಳ ಊರಲ್ಲಿ ಹೊಸ ಗಡಿಗೆಯ ಮೊದಲ ಬುರುಡೆ ದೋಲೋವನ್ನು ಹೀಗೇ ಹಿರಿಯರಿಗೆಂದು ನೆಲಕ್ಕೆ ಚೆಲ್ಲುತ್ತಾರಂತೆ. ಈ ಅಕ್ಕನ ಕೈಯ ಮಾಲ್ಟಿನಿಂದ ಮಾಡಿದರೆ ತನ್ನ ಅಜ್ಜಿಯೂ ಮೆಚ್ಚುತ್ತಿದ್ದಳು ಎಂದಳಂತೆ. ಅಮಿನಾತಾ ತಿಳಿದದ್ದು ಏನೆಂದರೆ, ಖಾಜಾಬಿಯೂ ತನ್ನಂತೆಯೇ ಗೊತ್ತಿದ್ದೇ ಬೀರಿನ ಕೆಲಸಕ್ಕೆ ಕೈ ಹಾಕುತ್ತಾಳೆ, ಬಾಯಿಗೆ ಹಾಕುವುದಿಲ್ಲ.

"ಹೇಳಿಬಿಡ್ಲೇನ್ ಆಯಿ ಆಕಿಗಿ?" ಎಂದ. ಅವನ ಮುಖ ಬಾಡಿತ್ತು.

"ಇನ್ನೊಂದು ಹಾಸು ಜೋಳ ಉಳದೈತಿ. ಮುಗೀಲಿ," ಎಂದೆ.

ಇದು ನಾನೇ ಹೇಳಿದ್ದು. ಅವನ ಮೇಲೆ ಹಾಕುವುದಿಲ್ಲ.

ನಾವು ಮಾಡಿದ ಮಾಲ್ಟು ಹೈದರಾಬಾದಿನ ಕಾರ್ಖಾನೆಗೆ ಹೋಗಿತ್ತು. ಸಂಕ್ರಾಂತಿ ಕಳೆದು ವಾರಕ್ಕೆ ಬಾಟ್ಲಿಯಾಗಿ ತಿರುಗಿ ಬಂತು. ಕಾರ್ಲ್ ಒಂದು ತೆರೆದು, ಕುಡಿದು, ಕಣ್ಣು ಮುಚ್ಚಿ ನಿಂತ. ಜೋಳದ ತೆನೆ ಸುಟ್ಟು ತಿಂದ ರುಚಿ, ಕೊನೆಗೆ ಒಗರು. ಚಲೋ ಇತ್ತು. ಅಲ್ಲಿ ಕುಡಿದದ್ದರಲ್ಲೆಲ್ಲ ಅದೇ ಚಲೋ ಇತ್ತು. ಅವರ ದೇಶದಲ್ಲಿ ಮೊದಲ ಲೋಟ ಮಾಲ್ಟು ಮಾಡಿದವರಿಗೆ ಕೊಡುವ ಮರ್ಯಾದೆಯಂತೆ, ಅಥವಾ ಅವನ ಮನೆತನದ ಪದ್ಧತಿಯೋ, ನನಗೆ ಸರಿಯಾಗಿ ಗೊತ್ತಿಲ್ಲ. ಅವನು ದೊಡ್ಡ ಗಾಜಿನ ಲೋಟ ತುಂಬಿ, ನೊರೆ ಚೆಲ್ಲದಂತೆ ಎರಡೂ ಕೈಯಲ್ಲಿ ಹಿಡಿದು ಮೆಟ್ಟಿಲು ಇಳಿದ. ನಾವು ಮೂವರೂ ಹಿಂದೆ. ವೀರೇಶ ಆ ಹೊತ್ತಿಗೆ ಮಸ್ಕಿ ಪೇಟೆಗೆ ಹೋಗಿದ್ದ.

ಮಧ್ಯಾಹ್ನ. ಖಾಜಾಬಿ ಕಾಳು ಉಜ್ಜುತ್ತಿದ್ದಳು. ಕಾರ್ಲ್ ಆಕೆಯ ಮುಂದೆ ಒಂದು ಮೊಣಕಾಲೂರಿ ಲೋಟ ನೀಡಿ, "ಮಾಲ್ಟ್," ಎಂದ. ಆಕೆಯ ಕಡೆ ಬೆರಳು ಮಾಡಿ, "ಖಾಜಾಬಿ ಮಾಲ್ಟ್," ಎಂದ.

ಖಾಜಾಬಿ ನಕ್ಕಳು. ಕೈ ಸೆರಗಿಗೆ ಒರೆಸಿಕೊಂಡು ಲೋಟ ತೆಗೆದುಕೊಂಡಳು.

"ಹಾಲು ಹಾಕಿಲ್ಲೇನು ಹುಲಿಗೆಕ್ಕಾ? ಬರೇ ನೊರಿ ಐತಿ. ಬೆಲ್ಲ ಎಷ್ಟು ಹಾಕ್ಯಾರ?" ಎನ್ನುತ್ತಾ ಬಾಯಿಯ ಹತ್ತಿರ ತಂದಳು.

ನಾನು ಅಲ್ಲೇ ಇದ್ದೆ. ಅಮಿನಾತಾ ಎರಡು ಹೆಜ್ಜೆ ಮುಂದೆ ಬಂದು ಲೋಟದ ಬಾಯಿಯ ಮೇಲೆ ತನ್ನ ಅಂಗೈ ಮುಚ್ಚಿದಳು.

"ಹರಾಮ್," ಎಂದಳು, ಮೆಲ್ಲಗೆ.

ಸಲಾಮನ್ನು ಬಿಟ್ಟರೆ ಅವರಿಬ್ಬರಿಗೂ ತಿಳಿಯುವ ಮಾತು ಅದೊಂದೇ.

ಖಾಜಾಬಿ ಲೋಟವನ್ನು ನೋಡಿದಳು. ಮೂಸಿದಳು. ಗೋದಾಮಿನ ತುಂಬ ಹರವಿದ ಜೋಳವನ್ನು ಈ ಗೋಡೆಯಿಂದ ಆ ಗೋಡೆಯ ತನಕ ನೋಡಿದಳು. ಆಮೇಲೆ ನನ್ನನ್ನು. ಕಾರ್ಲನನ್ನಲ್ಲ, ಅಮಿನಾತಾಳನ್ನಲ್ಲ.

"ನಿನಗ ಗೊತ್ತಿತ್ತೇನು?"

"ಗೊತ್ತಿತ್ತು."

"ಯಾವಾಗಿಂದ?"

"ಮೂರನೇ ದಿನದಿಂದ."

"ಬಿಸ್ಮಿಲ್ಲಾ ಅನ್ನೂದು ಕೇಳ್ತಿದ್ದಿ?"

"ಕೇಳ್ತಿದ್ದೆ."

"ದಿನಾ?"

"ದಿನಾ. ಕೊಡ ನಾನ ಹಿಡಿದಿರ್ತಿದ್ದೆ."

ಆಕೆ ಬೈಯಲಿಲ್ಲ. ಬೈದಿದ್ದರೆ ನನಗೆ ಉತ್ತರವಿತ್ತು. ನಿನಗೂ ಕೂಲಿ ಬಂತಲ್ಲ ಎನ್ನುತ್ತಿದ್ದೆ. ಲೋಟವನ್ನು ನೆಲಕ್ಕೆ ಇಟ್ಟಳು, ಒಂದು ಹನಿ ಚೆಲ್ಲದಂತೆ. ತೊಟ್ಟಿಗೆ ಹೋಗಿ ಮೊಣಕೈ ತನಕ ಮೂರು ಸಲ ಕೈ ತೊಳೆದಳು. ಚಪ್ಪಲಿ ಹಾಕಿಕೊಂಡು ರಸ್ತೆ ಹಿಡಿದಳು. ಕಾರ್ಲ್ ಇನ್ನೂ ಮೊಣಕಾಲೂರಿಯೇ ಇದ್ದ. ಏನು ತಪ್ಪಾಯಿತು ಎಂದು ಅವನಿಗೆ ಹೇಳುವವರಿರಲಿಲ್ಲ.

ಉಳಿದ ಹಾಸು ನಾನೇ ನೋಡಿಕೊಂಡೆ. ಮಗುಚುವ ಹೊತ್ತು ತಪ್ಪಿತು, ಅಡಿಯಲ್ಲಿ ಬಿಸಿ ಕಟ್ಟಿ ಬೂಸುರು ಹಿಡಿಯಿತು. ಅಷ್ಟೂ ಜೋಳ ತಿಪ್ಪೆಗೆ ಹೋಯಿತು. ಶಿವರಾತ್ರಿಯೊಳಗೆ ಅವರೂ ಗಂಟು ಕಟ್ಟಿದರು. ಹೋಗುವ ದಿನ ಅಮಿನಾತಾ ಖಾಜಾಬಿಯ ಮನೆಗೆ ಹೋದಳು. ಏನು ಮಾತಾಡಿದರೋ, ಯಾವ ಭಾಷೆಯಲ್ಲೋ. ಗೋಡೆಯ ಈ ಕಡೆ ನನಗೆ ಇಬ್ಬರ ದನಿಯೂ ಕೇಳಿಸಿತು. ನಮ್ಮ ಜೋಳ ಅವರಿಗೆ ನಡೆಯಿತೋ ಇಲ್ಲವೋ ವೀರೇಶನಿಗೂ ತಿಳಿಯಲಿಲ್ಲ. ಅವನು ಈಗ ಅಪ್ಪನ ಕಿರಾಣಿಯಲ್ಲೇ ಕೂಡುತ್ತಾನೆ.

ಎರಡು ತಿಂಗಳು ಆಕೆ ಆ ಕಡೆ ಒಲೆ ಹಚ್ಚಿದಳು, ನಾನು ಈ ಕಡೆ. ಒಬ್ಬಳೇ ಬಡಿದು ಬೇಯಿಸಿದರೆ ರೊಟ್ಟಿ ಅರ್ಧವೂ ಆಗುವುದಿಲ್ಲ. ನನ್ನವು ದಪ್ಪ ಬರುತ್ತಿದ್ದವು, ಆಕೆಯವು ಹೊತ್ತುತ್ತಿದ್ದವು. ಗಿರಾಕಿಗಳು ಬಿಡತೊಡಗಿದರು. ಆಮೇಲೆ ಬಳಗಾನೂರಿನ ಒಂದು ಲಗ್ನಕ್ಕೆ ಸಾವಿರ ರೊಟ್ಟಿಯ ಆರ್ಡರ್ ಬಂತು. ಅದು ಒಬ್ಬರಿಂದ ಆಗುವಂಥದ್ದಲ್ಲ. ನಾನು ಆಕೆಯ ಹೊಸ್ತಿಲಿಗೆ ಹೋಗಿ ನಿಂತೆ.

"ಮಸೂತಿ ಹಜರತ್ರಿಗಿ ಕೇಳಿನಿ," ಎಂದಳು, ನಾನು ಬಾಯಿ ತೆರೆಯುವ ಮೊದಲೇ. "ಗೊತ್ತಿಲ್ಲದ ಮಾಡಿದ್ದು ನಿನ್ನ ಮ್ಯಾಲಿಲ್ಲ ಅಂದ್ರು."

"ಹಂಗಾದ್ರ ಮುಗೀತಲ್ಲ."

"ನನಗ ಮುಗೀತು. ನಿನಗ ಗೊತ್ತಿತ್ತಲ್ಲ."

ನಾನು ಲಗ್ನದ ವಿಷಯ ಹೇಳಿದೆ. ಆಕೆ ಎದ್ದು ಹಿಟ್ಟಿನ ಬುಟ್ಟಿ ಎತ್ತಿಕೊಂಡು ನಮ್ಮ ಒಲೆಗೆ ಬಂದಳು.

ಈಗ ಮತ್ತೆ ಒಂದೇ ಒಲೆ. ಆಕೆ ಬಡಿಯುತ್ತಾಳೆ, ನಾನು ಬೇಯಿಸುತ್ತೇನೆ. ಮೊಮ್ಮಗಳ ಮಾತು, ಮೊಣಕಾಲಿನ ಮಾತು, ಎಲ್ಲ ಆಡುತ್ತೇವೆ. ನಗುತ್ತಾಳೆ ಕೂಡ. ಆದರೆ ಯಾವ ಆರ್ಡರ್ ಬಂದರೂ ಹಿಟ್ಟಿಗೆ ನೀರು ಹಾಕುವ ಮೊದಲು ಕೇಳುತ್ತಾಳೆ: "ಯಾರಿಗಿ?"

ನಾನು ಹೇಳುತ್ತೇನೆ. ಇಂಥವರ ಮನೆಗೆ, ಇಂಥ ಕಾರಣಕ್ಕೆ.

ಆಕೆ ಗೋಣು ಹಾಕುತ್ತಾಳೆ. ಆಮೇಲೆ ಸೆರಗಿಗೆ ಕೈ ಒರೆಸಿ, ಫೋನು ತೆಗೆದು, ಆರ್ಡರ್ ಕೊಟ್ಟವರನ್ನೇ ಇನ್ನೊಮ್ಮೆ ಕೇಳುತ್ತಾಳೆ. ನನ್ನ ಮುಂದೆಯೇ ಕೇಳುತ್ತಾಳೆ. ಅಷ್ಟು ಹೊತ್ತು ನಾನು ಒಲೆಗೆ ಕಟ್ಟಿಗೆ ಒಟ್ಟುತ್ತೇನೆ.